ಡೆನ್ಮಾರ್ಕಿನ ರಾಜ, ಬಲ್ಮಠದ ಗುಡ್ಡ ಮತ್ತು ಪಾದ್ರಿಗಳ ಡಿಗ್ರಿ

ಬಿಇ ಓದಿದ ನಮಗೆಲ್ಲ ವಿಟಿಯು ಗೊತ್ತು. ಕಾಲೇಜು ಯಾವ ಊರಲ್ಲೇ ಇರಲಿ, ಪಾಠ ಯಾರೇ ಮಾಡಲಿ, ಮಾರ್ಕ್ಸ್ ಕಾರ್ಡು ಬರೋದು ಬೆಳಗಾವಿಯಿಂದ. ಪಾದ್ರಿಯಾಗೋಕೆ ಓದುವವರಿಗೂ ಇಂಥದ್ದೊಂದು ವಿಟಿಯು ಇದೆ. ಅದರ ಹೆಸರು ಸೆನೆಟ್ ಆಫ್ ಸೆರಾಂಪುರ ಕಾಲೇಜ್. ಮಂಗಳೂರಿನ ಬಲ್ಮಠದಲ್ಲಿ ಓದಿದರೂ ಅಷ್ಟೇ, ಬೆಂಗಳೂರಿನ ಮಿಲ್ಲರ್ಸ್ ರೋಡಿನಲ್ಲಿ ಓದಿದರೂ ಅಷ್ಟೇ, ಪ್ರೊಟೆಸ್ಟೆಂಟರ ಹಳೆಯ ಸಭೆಗಳ ಪಾದ್ರಿಗಳಿಗೆ ಬಿಡಿ, ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ ಪದವಿ ಬರೋದು ಕಲ್ಕತ್ತಾ ಪಕ್ಕದ ಆ ಊರಿನ ಹೆಸರಿನಲ್ಲಿ.

ತಮಾಷೆ ಏನಪ್ಪಾ ಅಂದ್ರೆ, ಈ ಪದವಿ ಕೊಡುವ ಅಧಿಕಾರದ ಮೂಲ ದೆಹಲಿಯಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಅದು ಇರೋದು 1827ರಲ್ಲಿ ಡೆನ್ಮಾರ್ಕಿನ ರಾಜ ಆರನೇ ಫ್ರೆಡರಿಕ್ ಕೊಟ್ಟ ಒಂದು ಸನ್ನದಿನಲ್ಲಿ.

ಕತೆ ಹೀಗಿದೆ. 1813ಕ್ಕೆ ಮೊದಲು ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಕಿರಲಿಲ್ಲ. ಧರ್ಮದ ಗಲಾಟೆ ಎದ್ದರೆ ವ್ಯಾಪಾರ ಕೆಡುತ್ತೆ ಅನ್ನೋದು ಅವರ ಲೆಕ್ಕ. ಹಾಗಾಗಿ ವಿಲಿಯಂ ಕೇರಿ ಮತ್ತವನ ಗೆಳೆಯರು ಹೂಗ್ಲಿ ನದಿ ದಡದಲ್ಲಿ ಡೇನರ ಕೈಯಲ್ಲಿದ್ದ ಸಣ್ಣ ಊರು ಸೆರಾಂಪುರಕ್ಕೆ ಹೋಗಿ ಸೇರಿಕೊಂಡರು. ಬಂಗಾಳಿಗಳ ಬಾಯಲ್ಲಿ ಅದು ಶ್ರೀರಾಮಪುರ. ಡೇನರಿಗೆ ಈ ಕೆಲಸ ಹೊಸದೇನಲ್ಲ. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಅವರ ಆಶ್ರಯದಲ್ಲೇ 1716ರಷ್ಟು ಹಿಂದೆಯೇ ಸ್ಥಳೀಯರಿಗೆ ಉಪದೇಶಿಯ ತರಬೇತಿ ಕೊಡೋ ಸೆಮಿನರಿ ಶುರುವಾಗಿತ್ತು. ಸೆರಾಂಪುರದಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ ಸೇರಿ 1818ರಲ್ಲಿ ಕಾಲೇಜು ತೆರೆದರು. ಒಂಬತ್ತು ವರ್ಷದ ನಂತರ ರಾಜನ ಸನ್ನದು ಬಂತು: ಕೋಪನ್‌ಹೇಗನ್, ಕೀಲ್ ವಿಶ್ವವಿದ್ಯಾಲಯಗಳ ಹಾಗೆ ನೀವೂ ಪದವಿ ಕೊಡಬಹುದು ಅಂತ.

1845ರಲ್ಲಿ ಡೆನ್ಮಾರ್ಕ್ ತರಂಗಂಬಾಡಿ, ಸೆರಾಂಪುರ ಎರಡನ್ನೂ 12.5 ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿ ಕೈತೊಳೆದುಕೊಂಡಿತು. ಮಾರಾಟದ ಒಪ್ಪಂದದಲ್ಲಿ ಕಾಲೇಜಿನ ಹಕ್ಕುಗಳನ್ನ ಉಳಿಸಿದರು. ಆದರೆ ಆ ಸನ್ನದನ್ನ ಬಳಸಿ ಮೊದಲ ಬಿಡಿ ಪದವಿ ಕೊಟ್ಟಿದ್ದು 1915ರಲ್ಲಿ. ಅಂದರೆ 88 ವರ್ಷ ಆ ಅಧಿಕಾರ ಹಾಗೇ ಬಿದ್ದಿತ್ತು. ನಮ್ಮ ಕೋಡ್‌ಬೇಸುಗಳಲ್ಲಿ ಯಾರೂ ಆನ್ ಮಾಡದ ಫೀಚರ್ ಇರುತ್ತಲ್ಲ, ಅದೇ ಥರ. 1918ರಲ್ಲಿ ಬಂಗಾಳದ ಶಾಸನಸಭೆ ಒಂದು ಕಾಯ್ದೆ ಮಾಡಿ ಸೆನೆಟ್ ಅನ್ನೋ ವ್ಯವಸ್ಥೆಯನ್ನ ಕಟ್ಟಿಕೊಟ್ಟಿತು. ಅಲ್ಲಿಂದ ದೇಶದ ನಾನಾ ಕಡೆಯ ಸೆಮಿನರಿಗಳು ಒಂದೊಂದಾಗಿ ಅದರ ನೆರಳಿಗೆ ಬಂದವು.

ಇದೆಲ್ಲ ಪದವಿಯ ಕತೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಭಾಷೆಯ ಕತೆ. ಹಳ್ಳಿಯ ಸಭೆಯಲ್ಲಿ ಕನ್ನಡದಲ್ಲಿ ಮಾತಾಡಬೇಕಾದ ಮನುಷ್ಯ ತನ್ನ ವಿದ್ಯೆಯನ್ನ ಯಾವ ಭಾಷೆಯಲ್ಲಿ ಕಲೀಬೇಕು? ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮಿಸ್ಟರಿನಲ್ಲಿ ಇಂಜಿನಿಯರಿಂಗ್ ಮೆಕ್ಯಾನಿಕ್ಸ್ ಪುಸ್ತಕದ ಮುಂದೆ ಕೂತವರಿಗೆ ಈ ಪ್ರಶ್ನೆಯ ತೂಕ ಬೇರೆಯವರು ಹೇಳಿಕೊಡಬೇಕಿಲ್ಲ.

ಸೆರಾಂಪುರದವರ ಮೊದಲ ಯೋಚನೆ ಇಂಗ್ಲಿಷ್ ಆಗಿರಲಿಲ್ಲ. ಸಂಸ್ಕೃತ ಕಲಿಸಬೇಕು, ನೆಲದ ಭಾಷೆಯಲ್ಲಿ ಪಾಠ ಮಾಡಬೇಕು, ಯುರೋಪಿನ ವಿಜ್ಞಾನವನ್ನೂ ಅದೇ ಭಾಷೆಗೆ ತರಬೇಕು ಅಂತಿದ್ದರು. ಕೇರಿ ಅಂತೂ ಭಾಷೆಗಳ ಹುಚ್ಚ. ಕನ್ನಡ ನಾಡಿಗೆ ಕಾಲೇ ಇಡದ ಮನುಷ್ಯ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನ ಬರೆದು ಅಚ್ಚು ಹಾಕಿಸಿದ. 1830ರಲ್ಲಿ ಕಲ್ಕತ್ತಾಕ್ಕೆ ಬಂದ ಅಲೆಕ್ಸಾಂಡರ್ ಡಫ್ ಇಂಗ್ಲಿಷ್ ಶಾಲೆ ತೆರೆದ, ಮೇಲ್ಜಾತಿಯ ಹುಡುಗರು ಸಾಲುಗಟ್ಟಿ ಬಂದರು. ಐದು ವರ್ಷದಲ್ಲಿ ಸರ್ಕಾರವೂ ಇಂಗ್ಲಿಷಿನ ಕಡೆ ವಾಲಿತು. ಆಮೇಲೆ ಕೇರಿಯ ದಾರಿ ಹಳೇ ಕಾಲದವರ ದಾರಿ ಅನ್ನಿಸಿಕೊಳ್ತು.

ಆ ದಾರಿಯಲ್ಲಿ ಗಟ್ಟಿಯಾಗಿ ನಡೆದವರು ಕಲ್ಕತ್ತಾದಿಂದ ಬಹಳ ದೂರದಲ್ಲಿದ್ದರು, ನಮ್ಮ ಮಂಗಳೂರಿನಲ್ಲಿ. ಅವರಿಗೂ ಸೆರಾಂಪುರಕ್ಕೂ ಸಂಬಂಧ ಇರಲಿಲ್ಲ. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿಳಿದರು. ಇವರನ್ನ ತಯಾರು ಮಾಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸೆಮಿನರಿ. ಅಲ್ಲಿ ಓದುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂಟೆಂಬರ್ಗ್ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ವಿಶ್ವವಿದ್ಯಾಲಯ ಕಂಡವರು ಕಮ್ಮಿ. ಬೈಬಲ್ಲಿನ ಜೊತೆಗೆ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸುತ್ತಿದ್ದರು. ಅಂದರೆ ಹಳ್ಳಿ ಹುಡುಗರನ್ನ ಕೂರಿಸಿಕೊಂಡು ನಾಲ್ಕಾರು ವರ್ಷದಲ್ಲಿ ಮೂರು ಸತ್ತ ಭಾಷೆ ಅರೆಯೋ ಕಾರ್ಖಾನೆ ಅದು. ಇಂಥವರಿಗೆ ನಾಲ್ಕನೆಯದಾಗಿ ಕನ್ನಡ ಕಲಿಯೋದು ಹೆದರಿಕೆಯ ಸಂಗತಿ ಆಗಿರಲಿಲ್ಲ ಅಂತ ನನ್ನ ಅಂದಾಜು.

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಮಾತ್ರ ಇವರಲ್ಲಿ ಬೇರೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವನು. ಸ್ಥಳೀಯ ಹುಡುಗರನ್ನ ಸೇರಿಸಿ ವಸತಿಶಾಲೆ ನಡೆಸಿದ. ಅದೇ ಮುಂದೆ ಉಪದೇಶಿಗಳನ್ನ ತಯಾರು ಮಾಡುವ ಶಾಲೆಯಾಯಿತು, 1847ರ ಹೊತ್ತಿಗೆ ದೇವಶಾಸ್ತ್ರದ ಸೆಮಿನರಿಯಾಗಿ ರೂಪ ಪಡೀತು. ನೆಲೆ ನಿಂತದ್ದು ಬಲ್ಮಠದ ಗುಡ್ಡದ ಮೇಲೆ.

ಅಲ್ಲಿ ಪಾಠದ ಭಾಷೆ ಕನ್ನಡ. ಈ ಆಯ್ಕೆ ಅಷ್ಟು ಸಲೀಸಿನದ್ದೇನಲ್ಲ, ಯಾಕಂದ್ರೆ ಕರಾವಳಿಯಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಬಿಲ್ಲವರು, ಅವರ ಮನೆಮಾತು ತುಳು. ಗ್ರೈನರ್ ತುಳುವಿನಲ್ಲೇ ಕೆಲಸ ಮಾಡುತ್ತಿದ್ದ. ಹೊಸ ಒಡಂಬಡಿಕೆಯ ತುಳು ಅನುವಾದ ಅದೇ 1847ರಲ್ಲಿ ಅಚ್ಚಾಯಿತು, ಕನ್ನಡ ಲಿಪಿಯಲ್ಲಿ. ಆದರೂ ಕಚೇರಿ, ಶಾಲೆ, ಪುಸ್ತಕದ ಭಾಷೆ ಕನ್ನಡವಾಗಿತ್ತು. ಘಟ್ಟದ ಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆಯೂ ಮಿಷನ್ನಿನ ಕೆಲಸ ಹಬ್ಬಿತ್ತು. ತುಳು ಹುಡುಗನಿಗೆ ಕನ್ನಡವೂ ಒಂದು ಮಟ್ಟಿಗೆ ಕಲಿತ ಭಾಷೆಯೇ, ಇದನ್ನ ಮರೆಯೋ ಹಾಗಿಲ್ಲ.

ಈಗ ಕನ್ನಡದಲ್ಲಿ ಪಾಠ ಮಾಡ್ತೀವಿ ಅಂತ ಹೊರಟವರಿಗೆ ಎದುರಾದ ಮೊದಲ ಪ್ರಾಬ್ಲಮ್ಮು ಪುಸ್ತಕವೇ ಇಲ್ಲದಿದ್ದದ್ದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಕನ್ನಡ ಬೈಬಲನ್ನ 1831ರಷ್ಟರಲ್ಲಿ ಮುಗಿಸಿದ್ದರು, ಸರಿ. ಆದರೆ ಚರಿತ್ರೆ, ಭೂಗೋಳ, ತರ್ಕ ಇವನ್ನೆಲ್ಲ ಗದ್ಯದಲ್ಲಿ ಹೇಳುವ ಅಚ್ಚಿನ ಪುಸ್ತಕ ಎಲ್ಲಿತ್ತು? ಹಾಗಾಗಿ 1841ರಲ್ಲಿ ಕಲ್ಲಚ್ಚಿನ ಪ್ರೆಸ್ಸು ಬಂತು. 1843ರ ಜುಲೈ 1ರಂದು ಅದೇ ಪ್ರೆಸ್ಸಿನಿಂದ 'ಮಂಗಳೂರ ಸಮಾಚಾರ' ಹೊರಬಿತ್ತು, ಕನ್ನಡದ ಮೊದಲ ಪತ್ರಿಕೆ. ನಾವು ಜುಲೈ 1ನ್ನ ಪತ್ರಿಕಾ ದಿನ ಅಂತ ಆಚರಿಸೋದು ಅದಕ್ಕೇ. ಎರಡನೇ ಪ್ರಾಬ್ಲಮ್ಮು ಇನ್ನೂ ದೊಡ್ಡದು. ಜನ ತಮ್ಮ ತಮ್ಮಲ್ಲಿ ದೇವರ ಬಗ್ಗೆ ಯಾವ ಮಾತಿನಲ್ಲಿ ಮಾತಾಡ್ತಾರೆ ಅನ್ನೋದು ಗೊತ್ತಿಲ್ಲದೆ ಅವರಿಗೆ ಉಪದೇಶ ಮಾಡೋದು ಹೇಗೆ? ಮೊಗ್ಲಿಂಗ್ ದಾಸರ ಪದ, ಜೈಮಿನಿ ಭಾರತ, ಬಸವಪುರಾಣಗಳ ಓಲೆಗರಿ ಹುಡುಕಿಸಿ, ಕಾಸಮೇಜರ್ ಅನ್ನೋ ನಿವೃತ್ತ ನ್ಯಾಯಾಧೀಶರ ದುಡ್ಡಿನ ನೆರವಿನಿಂದ 1848ರಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದ. 1853ರಲ್ಲಿ ಬಂದ ಕಿಟೆಲ್ 1894ರಲ್ಲಿ 70,000 ಪದಗಳ ನಿಘಂಟು ಮುಗಿಸಿದ.

ಇವರೆಲ್ಲ ಕನ್ನಡದ ಮೇಲಿನ ಪ್ರೀತಿಗೇ ಬಂದವರು ಅಂತ ನಮ್ಮ ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳ್ತೀವಿ. ಹಾಗೇನಲ್ಲ. ಬಂದದ್ದು ಮತಪ್ರಚಾರಕ್ಕೆ, ಅದನ್ನ ಅವರು ಮುಚ್ಚಿಟ್ಟವರೂ ಅಲ್ಲ. ಕೆಲಸಕ್ಕೆ ಕನ್ನಡ ಬೇಕಿತ್ತು, ಬೇಕಾದದ್ದನ್ನ ಕಲಿಯುತ್ತಾ ಹೋದಂತೆ ಕೆಲವರಿಗೆ ಅದೇ ಬದುಕಾಯಿತು. ಪಾದ್ರಿಗಳ ಸಿಲಬಸ್ಸನ್ನ ಕನ್ನಡದಲ್ಲಿ ಮಾಡ್ತೀವಿ ಅಂತ ಅವತ್ತು ತೀರ್ಮಾನ ಆಗದೇ ಇದ್ದಿದ್ದರೆ ಈ ಪ್ರೆಸ್ಸಿಗೂ ನಿಘಂಟಿಗೂ ಅಷ್ಟು ಅವಸರ ಇರ್ತಿತ್ತಾ ಅನ್ನೋದು ನನ್ನ ಅನುಮಾನ.

ಆ ತೀರ್ಮಾನಕ್ಕೆ ಇನ್ನೊಂದು ಮುಖ ಇದೆ, ಅದು ಅಷ್ಟು ಚೆನ್ನಾಗಿಲ್ಲ. ಆನಂದರಾವ್ ಕೌಂಡಿನ್ಯ ಅನ್ನೋ ಮಂಗಳೂರಿನ ಬ್ರಾಹ್ಮಣ ತರುಣ 1844ರ ಜನವರಿಯಲ್ಲಿ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಪಡೆದ. ಊರಲ್ಲಿ ಗಲಭೆಯೇ ಆಯಿತು. ಮನೆ, ಕುಟುಂಬ ಎಲ್ಲ ಬಿಟ್ಟುಹೋಯಿತು. ಹೆಸರಿನ ಮುಂದೆ ಹರ್ಮನ್ ಸೇರಿತು, ಮೊಗ್ಲಿಂಗನದೇ ಹೆಸರು. 1846ರಲ್ಲಿ ಅವನನ್ನ ಬಾಸೆಲ್ಲಿಗೆ ಕಳಿಸಿದರು. ಐದು ವರ್ಷ ಓದಿ, 1851ರಲ್ಲಿ ಅಲ್ಲಿಯೇ ದೀಕ್ಷೆ ಪಡೆದು, ಪೂರ್ಣ ಪ್ರಮಾಣದ ಮಿಷನರಿಯಾಗಿ ವಾಪಸು ಬಂದು ಮಂಗಳೂರಿನ ಸೆಮಿನರಿಯಲ್ಲಿ ಮೇಷ್ಟ್ರಾದ. ಈಗಿನ ಲೆಕ್ಕದಲ್ಲಿ ಆನ್‌ಸೈಟ್ ಹೋಗಿ ಬಂದವನು. ಅವನ ತರಗತಿಯಲ್ಲಿ ಕೂತು ಕನ್ನಡದಲ್ಲಿ ಅದೇ ಪಾಠ ಕಲಿತ ಹುಡುಗರು ಆಗುತ್ತಿದ್ದದ್ದು ಉಪದೇಶಿಗಳು.

ಉಪದೇಶಿ ಅಂದರೆ ಏಣಿಯ ಕೆಳಗಿನ ಮೆಟ್ಟಿಲು. ವಾರವಿಡೀ ಮಿಷನ್ ಶಾಲೆಯಲ್ಲಿ ಮಕ್ಕಳಿಗೆ ಪಾಠ, ಸಂತೆ ಜಾತ್ರೆ ಇದ್ದ ದಿನ ದೊರೆಯ ಜೊತೆ ಹೋಗಿ ಭಾಷಣ, ಭಾನುವಾರ ಸಭೆ. ಅವರ ಭಾಷೆ ಬೇಕಿತ್ತು, ಅವರ ನೆಂಟಸ್ತಿಕೆ ಬೇಕಿತ್ತು, ಊರು ಒಳಗೆ ಬಿಡುತ್ತಿದ್ದದ್ದೂ ಅವರನ್ನೇ. ಸಂಬಳ ಮತ್ತು ಅಧಿಕಾರ ಮಾತ್ರ ಯುರೋಪಿನಿಂದ ಬಂದವರ ಸಮಕ್ಕೆ ಇರಲಿಲ್ಲ. ದೀಕ್ಷೆ ಪಡೆದು ಪಾದ್ರಿ ಆಗೋಕೆ ವರ್ಷಗಟ್ಟಲೆ ಕಾಯಬೇಕಿತ್ತು. ಕೆಲವರು ಉಪದೇಶಿಯಾಗಿಯೇ ಉಳಿದರು. ಇದು ಬಾಸೆಲ್ಲಿನವರೊಬ್ಬರದೇ ರೀತಿಯೂ ಅಲ್ಲ, ಆ ಕಾಲದ ಮಿಷನ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇದ್ದವು. ಕನ್ನಡದಲ್ಲಿ ಕಲಿತವನು ಕೆಳಗೆ, ಹೊರಗೆ ಕಲಿತವನು ಮೇಲೆ ಅನ್ನೋ ಪಾಠವನ್ನ ಸೆಮಿನರಿ ಬಾಯಿಬಿಟ್ಟು ಹೇಳಲಿಲ್ಲ, ಹೇಳೋ ಅಗತ್ಯವೂ ಇರಲಿಲ್ಲ.

ಹಾಗಾಗಿ ಇಂಗ್ಲಿಷಿನ ಕಾಲೇಜು ಬಂದಾಗ ಜನ ಅದನ್ನ ಹಗೆಯ ಹಾಗೆ ನೋಡಲಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜ್, ಅಂದರೆ ಯುಟಿಸಿ, ಶುರುವಾಗಿದ್ದು 1910ರಲ್ಲಿ. ಲಂಡನ್ ಮಿಷನ್, ವೆಸ್ಲಿಯನ್ನರು, ಸ್ಕಾಟ್ಲೆಂಡಿನವರು, ಅಮೆರಿಕದ ಆರ್ಕಾಟ್ ಮಿಷನ್ನಿನವರು ಹೀಗೆ ಹಲವು ಮಿಷನ್ನಿನವರು ಕೂಡಿ ಕಟ್ಟಿದ್ದು. ಮೊದಮೊದಲ ಪ್ರಾಂಶುಪಾಲರಾಗಿದ್ದ ಎಲ್. ಪಿ. ಲಾರ್ಸೆನ್ ಹುಟ್ಟಿನಿಂದ ಡೇನರು. ನೋಡಿ, ಮತ್ತೆ ಡೆನ್ಮಾರ್ಕ್. ಇಲ್ಲಿ ತಮಿಳು, ತೆಲುಗು, ಮಲಯಾಳ, ಕನ್ನಡದ ಹುಡುಗರು ಒಂದೇ ಬೆಂಚಿನಲ್ಲಿ ಕೂರಬೇಕಿತ್ತು. ಇಂಗ್ಲಿಷ್ ಬಿಟ್ಟರೆ ಬೇರೆ ದಾರಿ ಏನಿತ್ತು? ಡಿಗ್ರಿ ಮುಗಿಸಿದ ಭಾರತೀಯನಿಗೆ ಬಿಳಿಯ ಪಾದ್ರಿಯ ಸಮಕ್ಕೆ ಓದೋ ಅವಕಾಶ ಕೊಟ್ಟಿದ್ದೂ ಇಂಥ ಕಾಲೇಜುಗಳೇ. ಉಪದೇಶಿಯ ಮಗ ಬಿಡಿ ಮಾಡಿದರೆ ಅಪ್ಪನಿಗೆ ಸಿಗದ ಕುರ್ಚಿ ಮಗನಿಗೆ ಸಿಗುತ್ತಿತ್ತು. ಇದನ್ನ ಕನ್ನಡ ದ್ರೋಹ ಅಂತ ಬರೆಯೋಕೆ ನನ್ನ ಕೈ ಬರೋದಿಲ್ಲ.

ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರನ್ನೇ ತಗೊಳ್ಳಿ. ಯುಟಿಸಿಯಲ್ಲಿ ಓದಿದರು, ಅಮೆರಿಕಕ್ಕೆ ಹೋಗಿ ಓದಿದರು, ಬಲ್ಮಠದ ಸೆಮಿನರಿಗೆ ಪ್ರಾಂಶುಪಾಲರಾದರು, ಯುಟಿಸಿಯಲ್ಲಿ ಪ್ರೊಫೆಸರಾದರು, ಸೆರಾಂಪುರ ಕಾಲೇಜಿಗೂ ಪ್ರಾಂಶುಪಾಲರಾದರು. 1971ರಲ್ಲಿ ಜಿನೀವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನಲ್ಲಿ ಬೇರೆ ಧರ್ಮಗಳ ಜೊತೆ ಮಾತುಕತೆಗೆ ಅಂತಲೇ ಹೊಸ ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರು ಇವರೇ. ಹಿಂದೂಗಳ, ಬೌದ್ಧರ, ಮುಸ್ಲಿಮರ ಜೊತೆ ಕೂತು ಮಾತಾಡೋದನ್ನ ಜಗತ್ತಿನ ಚರ್ಚುಗಳಿಗೆ ಒಪ್ಪಿಸಲು ಹೆಣಗಿದ ಕನ್ನಡ ನಾಡಿನ ಮನುಷ್ಯ. ಅವರ ಮಾತು ಜಗತ್ತಿಗೆ ಮುಟ್ಟಿದ್ದು ಇಂಗ್ಲಿಷಿನಲ್ಲಿ.

ಇತ್ತ ಏಣಿ ಮಾತ್ರ ಹೊಸ ಹೆಸರಿನಲ್ಲಿ ಉಳೀತು. ಸೆರಾಂಪುರದ ವ್ಯವಸ್ಥೆಯಲ್ಲಿ ಇಂಗ್ಲಿಷಿನ ಬಿಡಿ ಮೇಲೆ, ಪ್ರಾಂತಭಾಷೆಗಳಲ್ಲಿ ಓದಬಹುದಾದ ಎಲ್‌ಟಿಎಚ್ ಕೆಳಗೆ. 1965ರಲ್ಲಿ ಬಲ್ಮಠದ ಸೆಮಿನರಿಯೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಆಯಿತು. ಎರಡು ಕನ್ನಡ ಶಾಲೆಗಳು ಸೇರಿ ಒಂದಾದದ್ದು. ಈಗಲೂ ಹತ್ತೊಂಬತ್ತನೇ ಶತಮಾನದ ಕನ್ನಡ ಮುದ್ರಣದ ಬಗ್ಗೆ ಸಂಶೋಧನೆ ಮಾಡೋರು ಹುಡುಕಿಕೊಂಡು ಹೋಗೋದು ಆ ಕಾಲೇಜಿನ ಪತ್ರಾಗಾರಕ್ಕೆ.

ಕಥೋಲಿಕರ ಕತೆಯೇ ಬೇರೆ. ಜೆಪ್ಪುವಿನ ಸೇಂಟ್ ಜೋಸೆಫ್ ಸೆಮಿನರಿ 1879ರದ್ದು, ಜೆಸ್ವಿತರು ಶುರು ಮಾಡಿದ್ದು. ಅಲ್ಲಿ ಲ್ಯಾಟಿನ್ನಿನ ಆಳ್ವಿಕೆ. ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1960ರ ದಶಕದಲ್ಲಿ ಒಪ್ಪಿದ ಮೇಲೆ, ಯಾವ ಜನ, ಯಾವ ಭಾಷೆ ಅನ್ನೋ ಜಗಳ ಬೆಂಗಳೂರಿನ ಚರ್ಚುಗಳಲ್ಲಿ ಶುರುವಾಯಿತು. ಅದನ್ನ ಬರೆಯೋಕೆ ಇನ್ನೊಂದು ಅಂಕಣವೇ ಬೇಕು.

ನಮ್ಮಲ್ಲಿ ಹಲವರು ದಿನಾ ಓಡಾಡೋ ಹೆಣ್ಣೂರು, ಕೊತ್ತನೂರು ಕಡೆ ಈಗ ಬೈಬಲ್ ಕಾಲೇಜು ಅನ್ನೋ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಅಸೆಂಬ್ಲೀಸ್ ಆಫ್ ಗಾಡ್‌ನವರು 1951ರಲ್ಲೇ ಬೆಂಗಳೂರಿನಲ್ಲಿ ಬೈಬಲ್ ಶಾಲೆ ತೆರೆದಿದ್ದರು. ಆಮೇಲೆ ಬಂದವು ಬಹಳ. ಸೆರಾಂಪುರದ ಹಂಗಿಲ್ಲದೆ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ ಅನ್ನೋ ಇನ್ನೊಂದು ಮಾನ್ಯತೆಯ ಕೆಳಗೆ ನಡೆಯೋವೂ ಇವೆ, ಯಾವ ಮಾನ್ಯತೆಯೂ ಬೇಡ ಅನ್ನೋವೂ ಇವೆ. ಈಶಾನ್ಯ ರಾಜ್ಯಗಳಿಂದ, ಕೇರಳದಿಂದ, ತಮಿಳುನಾಡಿನಿಂದ ಬಂದವರು ಓದುತ್ತಾರೆ. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬೆಂಗಳೂರಿನ ಐಟಿ ಕಂಪನಿಯ ಕ್ಯಾಂಟೀನಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣೋದಿಲ್ಲ. ಕೆಲಸ ಬಿಡದೆ, ಮನೆಯಲ್ಲೇ ಕೂತು ಓದೋ ದಾರಿಯೂ ಒಂದಿದೆ. ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯೊಂದು, ಹಳ್ಳಿ ಸಭೆ ನಡೆಸುವ ಹಿರಿಯರು ಹೊಲ ಮನೆ ಬಿಟ್ಟು ಬರೋಕಾಗಲ್ಲ ಅಂತ 1963ರಲ್ಲಿ ತಾನೇ ಅವರ ಹತ್ತಿರ ಹೋಗಿ ಪಾಠ ಮಾಡೋ ಪದ್ಧತಿ ತಂದಿತು. ಅದೇ ಮಾದರಿಯ ಟಾಫ್ಟಿ ಅನ್ನೋ ಸಂಸ್ಥೆ ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿತು. ನಾವು ಆನ್‌ಲೈನ್ ಕೋರ್ಸು ಅಂತ ಕುಣಿಯೋಕೆ ಎಷ್ಟೋ ಮೊದಲು.

ಇಂಗ್ಲಿಷಿನಲ್ಲಿ ಕಲಿತವನು ಭಾನುವಾರ ವೇದಿಕೆ ಮೇಲೆ ನಿಂತಾಗ ಎಲ್ಲವನ್ನೂ ಅಲ್ಲೇ ಮನಸ್ಸಿನಲ್ಲೇ ಅನುವಾದ ಮಾಡಬೇಕು. ಒಡಂಬಡಿಕೆ, ಕೃಪೆ, ದೀಕ್ಷಾಸ್ನಾನ, ಸುವಾರ್ತೆ ಇಂಥ ಪದಗಳು ಸಿದ್ಧವಾಗಿ ಸಿಗುತ್ತವೆ, ಯಾಕಂದ್ರೆ ಹಿಂದಿನವರು ಗುದ್ದಾಡಿ ಇಟ್ಟು ಹೋಗಿದ್ದಾರೆ. ಆದರೆ ಅವನು ತರಗತಿಯಲ್ಲಿ ಓದಿದ ಹೊಸ ಚರ್ಚೆಗಳಿಗೆ, ಜಾತಿಯ ಬಗ್ಗೆ, ದಲಿತ ದೇವಶಾಸ್ತ್ರದ ಬಗ್ಗೆ, ಹೆಣ್ಣುಮಕ್ಕಳ ದೀಕ್ಷೆಯ ಬಗ್ಗೆ ಬರೆದ ಪುಸ್ತಕಗಳಿಗೆ, ಸಭೆಯಲ್ಲಿ ಕೂತ ಹೆಂಗಸಿಗೆ ಅರ್ಥವಾಗೋ ಕನ್ನಡ ಎಲ್ಲಿಂದ ತರಬೇಕು? ತರೋಕಾಗದೆ ಇದ್ದಾಗ ಅವು ಕಾಲೇಜಿನ ಲೈಬ್ರರಿಯಲ್ಲೇ ಉಳಿಯುತ್ತವೆ, ಪ್ರಸಂಗ ಹಳೆಯದೇ ಮುಂದುವರಿಯುತ್ತೆ. ಕನ್ನಡದಲ್ಲೇ ಕಲಿಸಿ ಅಂತ ಹೇಳೋದು ಸುಲಭ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಬಿಇ ಕಲಿಸೋಕೆ ಒಪ್ಪಿಗೆ ಕೊಡ್ತು, ನಾವೆಷ್ಟು ಜನ ನಮ್ಮ ತಮ್ಮನನ್ನೋ ತಂಗಿಯನ್ನೋ ಅಲ್ಲಿಗೆ ಸೇರಿಸೋಕೆ ಓಡಿದ್ವಿ?

ಹಾಗಾದರೆ ಬಲ್ಮಠದ ಆ ಕನ್ನಡ ಸಿಲಬಸ್ಸಿನಿಂದ ಬಂದದ್ದು ಬರೀ ಉಪದೇಶಿಗಳಾ? ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಧಾರವಾಡದ ಹುಡುಗನೊಬ್ಬ ಅಲ್ಲಿ ಬಂದು ಓದಿದ. ಹೆಸರು ಉತ್ತಂಗಿ ಚನ್ನಪ್ಪ, ಹುಟ್ಟಿದ್ದು 1881. ಓದು ಮುಗಿಸಿ ಪಾದ್ರಿಯಾದರು, ಹೂವಿನಹಡಗಲಿ ಕಡೆ ಬಹಳ ವರ್ಷ ಇದ್ದರು. ಹಳ್ಳಿ ಹಳ್ಳಿ ತಿರುಗೋದು ಪಾದ್ರಿಯ ಕೆಲಸ ತಾನೇ? ತಿರುಗುವಾಗ ಜನರ ಬಾಯಲ್ಲಿದ್ದ, ಓಲೆಗರಿಯಲ್ಲಿದ್ದ ಸರ್ವಜ್ಞನ ವಚನಗಳನ್ನ ಕೂಡಿಹಾಕುತ್ತಾ ಹೋದರು. ಸುಮಾರು 2000 ವಚನಗಳು ಸೇರಿದವು, 1924ರಲ್ಲಿ ಪುಸ್ತಕವಾಗಿ ಬಂತು. ಇವತ್ತು ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡೋ ಸರ್ವಜ್ಞನಿಗೆ ಮೊದಲು ಒಂದು ಗಟ್ಟಿ ಪುಸ್ತಕ ಕೊಟ್ಟದ್ದು ಈ ಪಾದ್ರಿ. ಜನ ಅವರನ್ನ ತಿರುಳ್ಗನ್ನಡದ ತಿರುಕ ಅಂತ ಕರೆದರು.

1949ರಲ್ಲಿ, ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಕೂತವರು ರೆವರೆಂಡ್ ಉತ್ತಂಗಿ ಚನ್ನಪ್ಪ. ಅನುಭವ ಮಂಟಪ ಅನ್ನೋದು ನಿಜವಾಗಿ ಇತ್ತೇ ಅಂತ ಪಂಡಿತರು ಜಗಳವಾಡುತ್ತಿದ್ದ ಕಾಲ ಅದು. ಎರಡು ವರ್ಷದ ನಂತರ ಅವರು 'ಅನುಭವ ಮಂಟಪದ ಐತಿಹಾಸಿಕತೆ' ಅಂತಲೇ ಒಂದು ಪುಸ್ತಕ ಬರೆದು, ಇತ್ತು ಅಂತ ವಾದಿಸಿದರು. ತೀರಿಕೊಂಡದ್ದು 1962ರಲ್ಲಿ. ಅವರು ಓದಿದ ಸೆಮಿನರಿ ತುಮಕೂರಿನದರ ಜೊತೆ ಸೇರಿ ಕಾಲೇಜು ಅನ್ನಿಸಿಕೊಳ್ಳೋಕೆ ಇನ್ನೂ ಮೂರು ವರ್ಷ ಇತ್ತು.